ಸದ್ದಿಲ್ಲದ ಪಾಠಕ್ಕೆ ಐದು ನಕ್ಷತ್ರ

ಅನರ್ಥವೆಲ್ಲ ಶುರುವಾದದ್ದು ಒಂದು ಏಣಿಯಿಂದ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವ ಮೇಷ್ಟ್ರು ಮಲಗುವ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆನ್‌ಲೈನ್ ಪಾಠ ಶುರುಮಾಡಿದ್ದರಷ್ಟೆ, ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್ ಏಣಿ ಕೇಳಿಕೊಂಡು ಒಳಗೇ ಬಂದುಬಿಟ್ಟರು.

ಆ ದಿನದ ಪಾಠ ಅಂತಿಂಥದ್ದಲ್ಲ. ಮೇಷ್ಟ್ರದು ಗುತ್ತಿಗೆಯ ಕೆಲಸ. ಪಾಠ ಮುಗಿದ ಮೇಲೆ ನಲವತ್ತು ವಿದ್ಯಾರ್ಥಿಗಳು ಕಾಲೇಜಿನ ಆ್ಯಪಿನಲ್ಲಿ ನಕ್ಷತ್ರ ಒತ್ತಬೇಕು. ಸರಾಸರಿ ನಾಲ್ಕು ಬಂದರೆ ಇನ್ನೊಂದು ವರ್ಷ ಕೆಲಸ, ಇಲ್ಲವಾದರೆ ಮನೆ.

"ಪಾಠ ನಡೀತಿದೆ ಸಾರ್," ಎಂದು ಮೇಷ್ಟ್ರು ಪಿಸುಗುಟ್ಟಿದರು.

"ನಡೀಲಿ, ನಾನೇನು ಬೇಡ ಅಂದ್ನಾ? ನಮ್ಮ ಮಾತು ಮಕ್ಕಳಿಗೆ ಕೇಳಿಸಬಾರದು ಅಷ್ಟೆ." ಓವರ್‌ಸಿಯರ್ ತಾವೇ ಕೈ ಚಾಚಿ ಮೈಕ್ ಬಂದ್ ಮಾಡಿದರು. "ಇದೇನ್ರೀ, ಪಕ್ಕದಲ್ಲಿ ಹುಡುಗರ ಮೆಸೇಜು? ಗಮನ ಹಾಳು." ಅದನ್ನೂ ಮುಚ್ಚಿದರು. ಬಾಗಿಲ ಹಿಂದಿದ್ದ ಏಣಿ ಹೊತ್ತು ನಡೆದರು. ಮುಚ್ಚಿದ್ದನ್ನು ಮತ್ತೆ ತೆರೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಐವತ್ತು ನಿಮಿಷ ಮೇಷ್ಟ್ರು ಜೀವಮಾನದಲ್ಲೇ ಮಾಡದಂಥ ಪಾಠ ಮಾಡಿದರು. ಜೋಕು ಹೇಳಿ ತಾವೇ ನಕ್ಕರು. "ಅರ್ಥವಾಯಿತೇ?" ಎಂದು ನಲವತ್ತು ಕಪ್ಪು ಚೌಕಗಳನ್ನು ಕೇಳಿ, ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಮುಂದೆ ಹೋದರು.

ಪಾಠ ಮುಗಿಯುವ ಹೊತ್ತಿಗೆ ಹೆಂಡತಿ ಇಸ್ತ್ರಿಯ ಬಟ್ಟೆ ತಂದಳು. "ರೀ, ಈ ಮೈಕಿನ ಗುರುತಿನ ಮೇಲೆ ಕೆಂಪು ಗೀಟು ಯಾಕಿದೆ?"

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. ಏಣಿ ವಾಪಸು ತಂದ ಓವರ್‌ಸಿಯರ್ ವಿಷಯ ತಿಳಿದು ಸ್ವಲ್ಪವೂ ಅಳುಕಲಿಲ್ಲ. "ಯಾರಿಗೂ ಹೇಳ್ಬೇಡಿ. ಬಾಯಿ ಬಿಟ್ರೆ ಬಣ್ಣಗೇಡು," ಎಂದು ಬುದ್ಧಿ ಹೇಳಿ ಕಾಫಿ ಕುಡಿದು ಹೋದರು.

ನಾಲ್ಕು ಗಂಟೆಗೆ ಪ್ರಿನ್ಸಿಪಾಲರ ಕರೆ ಬಂತು. ಕಟುಕನ ಮನೆಗೆ ಹೊರಟ ಕುರಿಯಂತೆ ಮೇಷ್ಟ್ರು ಹೊರಟರು.

"ಬನ್ನಿ ಬನ್ನಿ," ಪ್ರಿನ್ಸಿಪಾಲರು ಕುರ್ಚಿ ತೋರಿಸಿದರು. "ಮೂವತ್ತೊಂಬತ್ತು ಜನ ಐದಕ್ಕೆ ಐದು ಕೊಟ್ಟಿದ್ದಾರೆ. ಧ್ವನಿ ಬಹಳ ಸ್ಪಷ್ಟ ಅಂತ ಬರೆದಿದ್ದಾರೆ. ಒಬ್ಬಳು ಮಾತ್ರ ಒಂದೇ ನಕ್ಷತ್ರ ಕೊಟ್ಟು, ಏನೂ ಕೇಳಿಸಲಿಲ್ಲ ಅಂದಿದ್ದಾಳೆ. ಸುಳ್ಳು ದೂರು. ಅವಳನ್ನ ಪರೀಕ್ಷೆಗೆ ಕೂರಿಸಲ್ಲ. ನೀವಿಲ್ಲೊಂದು ಸಹಿ ಹಾಕಿ."

ಮೇಷ್ಟ್ರು ಪೆನ್ನು ತೆಗೆದರು. ಸಹಿ ಹಾಕಿದರೆ ಕೆಲಸ ಉಳಿಯುತ್ತಿತ್ತು. ಆದರೆ ನಲವತ್ತರಲ್ಲಿ ಕಿವಿಗೊಟ್ಟು ಕೂತವಳು ಅವಳೊಬ್ಬಳೇ ಎನ್ನುವುದು ತರ್ಕ ಓದದವರಿಗೂ ತಿಳಿಯುವ ಮಾತು. ಅವರು ಪೆನ್ನನ್ನು ಮತ್ತೆ ಜೇಬಿಗಿಟ್ಟರು.

"ಅವಳು ಹೇಳಿದ್ದೇ ನಿಜ ಸರ್. ಮೈಕ್ ಬಂದ್ ಆಗಿತ್ತು."

ಪ್ರಿನ್ಸಿಪಾಲರು ಸಹಿಯ ಕಾಗದವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವರ ಮುಖ ಅರಳಿತು.

"ಅಂದ್ರೆ, ನಿಮ್ಮ ಧ್ವನಿ ಇಲ್ದೇನೇ ಮೂವತ್ತೊಂಬತ್ತು ಜನಕ್ಕೆ ತೃಪ್ತಿಯಾಗಿದೆ. ಹಾಗಿದ್ಮೇಲೆ ನಿಮ್ಮದೊಂದು ಫೋಟೋ ಹಾಕಿದ್ರೆ ಸಾಕಲ್ಲ, ನೀವ್ಯಾಕೆ? ನಿಮ್ಮ ಶಾಸ್ತ್ರದ ಪ್ರಕಾರ ಇದು ಸರಿ ತಾನೆ?"

ಮೇಷ್ಟ್ರು ಆ ವಾದದಲ್ಲಿ ತಪ್ಪು ಹುಡುಕಿದರು. ಸಿಗಲಿಲ್ಲ.

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಕಾಲೇಜಿನ ಆ್ಯಪಿನಲ್ಲಿ ಆ ಹುಡುಗಿಯ ಸಂದೇಶ ಬಂತು. "ಸರ್, ನೀವು ಕೈ ಆಡಿಸಿ ನಗ್ತಿದ್ದದ್ದು ನೋಡಿ, ತುಂಬಾ ಒಳ್ಳೇ ಪಾಠ ಅನ್ನಿಸ್ತು. ನಾಳೆ ಇನ್ನೊಂದ್ಸಲ ಹೇಳ್ತೀರಾ?"

ಮೇಷ್ಟ್ರ ಕಣ್ಣು ತುಂಬಿ ಬಂತು. "ಖಂಡಿತ ಹೇಳ್ತೀನಮ್ಮ," ಎಂದು ಬರೆದು ಒತ್ತಿದರು. ಅಷ್ಟರಲ್ಲಿ ಕಾಲೇಜಿನವರು ಆ್ಯಪಿನಿಂದ ಅವರ ಹೆಸರು ತೆಗೆದುಹಾಕಿದ್ದರು. ಆ ಮಾತೂ ಅವಳಿಗೆ ತಲುಪಲಿಲ್ಲ.