ಸೋರುವ ನಲ್ಲಿಯೂ ನಂಜುಂಡಾರಾಧ್ಯರ ಮೌನವ್ರತವೂ

ಹೇ ವಾಗ್ದೇವಿ, ವೀಣಾಪುಸ್ತಕಧಾರಿಣಿ, ಉತ್ತರ ಹೇಳುವುದೇ ಮಹಾಪಾತಕವಾಗಿ ಪ್ರಶ್ನೆ ಕೇಳುವುದೇ ಪರಮಪುರುಷಾರ್ಥವಾದ ಈ ವಿಚಿತ್ರಯುಗದಲ್ಲಿ, ನಾಲಗೆಯ ತುದಿಗೆ ಬಂದ ಒಂದೇ ಒಂದು ಪದವನ್ನು ನಾಲ್ಕು ವಾರ ಗಂಟಲಲ್ಲೇ ಹಿಡಿದಿಟ್ಟುಕೊಂಡು, ಹೆಸರಿಗೆ ತಕ್ಕಂತೆ ನಂಜನ್ನು ಉಂಡವರ ಕಥೆಯನ್ನು ಹೇಳಿಸು. ನಿನಗೆ ಬೇರೆ ಕೆಲಸವಿದ್ದರೆ ಬೇಗನೆ ಹೇಳಿಸು.

ಆ ಮಹಾವೀರರೇ ನಂಜುಂಡಾರಾಧ್ಯರು. ಸೀಮೆಸುಣ್ಣಧೂಳಿಧೂಸರಿತದಕ್ಷಿಣಹಸ್ತರು, ಕಪ್ಪುಹಲಗೆಯ ಮೇಲೆ ಒಂದೇ ಬೀಸಿಗೆ ಮಾನವಹೃದಯದ ನಾಲ್ಕು ಕೋಣೆಗಳನ್ನೂ ಬರೆಯಬಲ್ಲ ಚಿತ್ರಕರ್ಮಧುರಂಧರರು. ಇಪ್ಪತ್ತೊಂದು ವರ್ಷ ನಂಜನಗೂಡಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ, ಮಕ್ಕಳಿಲ್ಲದೆ ಆ ಶಾಲೆ ಮುಚ್ಚಿದ ಮೇಲೆ, ಮೈಸೂರಿನ ವರ್ತುಲರಸ್ತೆಯಾಚೆ ಗಾಜಿನ ಗೋಡೆಗಳಿಂದ ಥಳಥಳಿಸುವ ಇಂಟರ್‌ನ್ಯಾಷನಲ್ ಶಾಲೆಗೆ ಎಂಟು ತಿಂಗಳ ಹಿಂದೆ ಸೇರಿದ್ದರು. ಅಲ್ಲಿ ಪಾಠ ಮಾಡುವಂತಿಲ್ಲ. ಮಕ್ಕಳೇ ಪ್ರಶ್ನಿಸಿ, ಮಕ್ಕಳೇ ಹುಡುಕಿ, ಮಕ್ಕಳೇ ಕಂಡುಕೊಳ್ಳಬೇಕು, ಮೇಷ್ಟ್ರು ಪಕ್ಕದಲ್ಲಿ ನಿಂತು "ನಿಮಗೇನನ್ನಿಸುತ್ತೆ?" ಎನ್ನಬೇಕು.

ಆರಾಧ್ಯರು ಈಗಾಗಲೇ ಎರಡು ಬಾರಿ ವ್ರತಭ್ರಷ್ಟರಾಗಿದ್ದರು. ಆಕಾಶ ಯಾಕೆ ನೀಲಿ ಎಂದು ಕೇಳಿದ ಮಗುವಿಗೆ ಯಾಕೆಂದು ಹೇಳಿಬಿಟ್ಟಿದ್ದು ಮೊದಲನೆಯದು. ಬಾವಲಿ ಹಕ್ಕಿಯೆಂದು ಬರೆದವನಿಗೆ "ತಪ್ಪು" ಅಂದಿದ್ದು ಎರಡನೆಯದು. ಎರಡಕ್ಕೂ ಲಿಖಿತ ಎಚ್ಚರಿಕೆ ಬಂದಿತ್ತು. ಮೂರನೆಯದು ಬಂದರೆ ಮಾರ್ಚಿಯಲ್ಲಿ ಕೆಲಸ ಕಾಯಂ ಆಗುವುದಿಲ್ಲ. ನಲವತ್ತೇಳನೇ ವಯಸ್ಸಿನಲ್ಲಿ ಮತ್ತೊಂದು ಶಾಲೆಯ ಬಾಗಿಲಲ್ಲಿ ಫೈಲು ಹಿಡಿದು ನಿಲ್ಲುವ ತ್ರಾಣ ಅವರಲ್ಲಿರಲಿಲ್ಲ.

ಹೀಗಿರಲು ಒಂದು ಸೋಮವಾರ, ಏಳನೇ ತರಗತಿಯ ಮೂಲೆಯಲ್ಲಿದ್ದ ಕೈತೊಳೆಯುವ ಬೇಸಿನ್ನಿನ ನಲ್ಲಿ ತೊಟ್ಟಿಕ್ಕತೊಡಗಿತು.

ಆರಾಧ್ಯರು ಒಂದು ನೋಟದಲ್ಲೇ ರೋಗವನ್ನು ಗುರುತಿಸಿದರು. ವಾಷರ್ ಸವೆದಿದೆ. ಮರುದಿನವೇ ಒಂದು ಸ್ಪ್ಯಾನರನ್ನೂ ಹೊಸ ವಾಷರನ್ನೂ ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಬಂದರು. ಆದರೆ ಅಷ್ಟರಲ್ಲಿ ಪಠ್ಯಸಂಯೋಜಕಿ ದೇಚಮ್ಮ ಮೇಡಂ, ಟ್ಯಾಬ್ಲೆಟ್ಟೆಂಬ ಚಂದ್ರಾಯುಧವನ್ನು ಎದೆಗವಚಿಕೊಂಡು, ನಲ್ಲಿಯೆದುರು ಭಾವಪರವಶರಾಗಿ ನಿಂತಿದ್ದರು.

"ಎಂಥಾ ಅವಕಾಶ ಸಾರ್ ಇದು! ಇದನ್ನ ಯಾರೂ ಮುಟ್ಟಬೇಡಿ. ಇದ್ರ ಮೇಲೇ ಆರು ವಾರದ ಕಲಿಕೆಯ ಯೂನಿಟ್ ಮಾಡೋಣ."

"ಮೇಡಂ, ಅದು ಬರೀ…"

ದೇಚಮ್ಮನವರು ಬೆರಳೆತ್ತಿದರು. ಆರಾಧ್ಯರು ಉಳಿದ ಪದವನ್ನು ನುಂಗಿದರು.

ಅಲ್ಲಿಗೆ ಮಹಾಸಮರ ಮೊದಲಾಯಿತು. "ಸೋರಿಕೆ ಎಂದರೇನು?" ಎಂಬ ಕೇಂದ್ರಪ್ರಶ್ನೆ ಗೋಡೆಯೇರಿತು, ಅದರ ಸುತ್ತ ಹಳದಿ, ಗುಲಾಬಿ, ತಿಳಿಹಸಿರು ಅಂಟುಚೀಟಿಗಳ ಚತುರಂಗಸೇನೆ ಜಮಾಯಿಸಿತು. ಮೊದಲ ವಾರ ಮಕ್ಕಳು ಹನಿಗಳನ್ನು ಎಣಿಸಿದರು. ಎರಡನೆಯ ವಾರ ರಿಪೇರಿ ಕೆಲಸದ ಮಾದಯ್ಯನನ್ನು ಕುರ್ಚಿಯಲ್ಲಿ ಕೂರಿಸಿ, ನೀರಿಗೂ ಅವನಿಗೂ ಇರುವ ಸಂಬಂಧದ ಬಗ್ಗೆ ಮುಕ್ಕಾಲು ಗಂಟೆ ಸಂದರ್ಶಿಸಿದರು. ಮೂರನೆಯ ವಾರ ಕಣ್ಣು ಮುಚ್ಚಿ ತಾವೇ ಹನಿಗಳಾಗಿ ಅನುಭವ ಬರೆದರು. ನಲ್ಲಿ ಮಾತ್ರ ಯಾರ ಅನುಭವಕ್ಕೂ ಕಾಯದೆ ತೊಟ್ಟಿಕ್ಕುತ್ತಲೇ ಇತ್ತು; ಹಗಲಿಡೀ ಕೇಳುವ ಆ ಟಪ್ ಟಪ್ ಆರಾಧ್ಯರನ್ನು ಊಟದ ಹೊತ್ತಿನಲ್ಲೂ ಬಿಡಲಿಲ್ಲ.

ನಾಲ್ಕನೆಯ ವಾರಕ್ಕೆ ತರಗತಿ ಎರಡು ಪಾಳೆಯವಾಗಿ ಒಡೆಯಿತು. ಒತ್ತಡಪಕ್ಷದ ದಳಪತಿ ಕುಶಾಲ್, ಮೇಜಿನ ಮೇಲೆ ಮುಷ್ಟಿಯೂರಿ ಗರ್ಜಿಸಿದ ಪರಿಯನ್ನು ಶಿಷ್ಟಭಾಷೆಯಲ್ಲಿ ಹೇಳುವುದಾದರೆ, "ಎಲೆಲೆ ಮೂಢರಿರಾ! ಗಗನಚುಂಬಿ ಜಲಭಾಂಡದಿಂದ ಭೋರ್ಗರೆದಿಳಿವ ವಾರಿಯ ವೇಗವನ್ನು ಈ ಬಡಪಾಯಿ ಲೋಹನಾಳ ತಡೆದೀತೇ?" ಎಂದಂತಾಯಿತು. ಅವನು ನಿಜಕ್ಕೂ ಅಂದದ್ದು, "ಪ್ರೆಷರ್ ಕಣ್ರೋ! ನಮ್ಮಪ್ಪಂದು ಟ್ಯಾಂಕ್ ಬಿಸಿನೆಸ್ಸು, ನಂಗೊತ್ತಿಲ್ವಾ?"

ಎದುರಾಳಿ ಧಾತ್ರಿ. ಹನ್ನೆರಡು ವರ್ಷದ, ಎರಡು ಜಡೆಯ, ಮಾತು ಕಡಿಮೆಯ ಹುಡುಗಿ. "ಪ್ರೆಷರ್ ಆದ್ರೆ ಎಲ್ಲಾ ನಲ್ಲಿನೂ ಸೋರ್ಬೇಕಿತ್ತು. ಇದೊಂದೇ ಯಾಕೆ ಸೋರುತ್ತೆ? ಇದ್ರೊಳಗೆ ಏನೋ ಹಾಳಾಗಿದೆ" ಅಂದಳು.

ಆರಾಧ್ಯರ ಎದೆ ಹಿಗ್ಗಿತು. ಭೇಷ್ ಮಗಳೇ ಎಂದು ಕೂಗಬೇಕೆನಿಸಿತು. ಒಳಗೆ ಅವರು ಹೀಗೆ ಅಬ್ಬರಿಸುತ್ತಿದ್ದರು: "ಎಲವೋ ದುಷ್ಟನಲ್ಲಿಯೇ, ನಿನ್ನ ಗರ್ಭದಲ್ಲಡಗಿದ ರಬ್ಬರುಬಿಲ್ಲೆಯ ಮರ್ಮವನ್ನು ನಾನು ಬಲ್ಲೆ! ನನ್ನ ಬಾಯಿಗೆ ಬೀಗವಿರದಿದ್ದರೆ ಒಂದೇ ಕ್ಷಣದಲ್ಲಿ ನಿನ್ನನ್ನು ನಿರ್ಜಲಗೊಳಿಸುತ್ತಿದ್ದೆ!" ಹೊರಗೆ, "ನಿಮಗೇನನ್ನಿಸುತ್ತೆ ಮಕ್ಕಳೇ?" ಅಂದರು.

ಆ ಶುಕ್ರವಾರವೇ ವಾರ್ಷಿಕ ಪರಿಶೀಲನೆ. ಹೊರಗಿನಿಂದ ಬಂದ ಇಬ್ಬರು ಮೌಲ್ಯಮಾಪಕರು, ಒಬ್ಬ ಬೋಳುತಲೆಯ ಗಂಡಸು, ಒಬ್ಬ ರೇಷ್ಮೆಸೀರೆಯ ಹೆಂಗಸು, ತರಗತಿಯ ಮೂಲೆಯಲ್ಲಿ ಕುಳಿತರು. ಬೇಸಿನ್ನಿಗೆ ಸಮೀಪದ ಮೂಲೆಯೇ ಅದು. ಅಲ್ಲಿಂದ ಕಲಿಕೆ ಚೆನ್ನಾಗಿ ಕಾಣುತ್ತದೆಂದು ದೇಚಮ್ಮನವರೇ ಕುರ್ಚಿ ಹಾಕಿಸಿದ್ದರು.

ವಾದ ಅರ್ಧ ಗಂಟೆ ನಡೆಯಿತು. ಆಮೇಲೆ ಧಾತ್ರಿ ಎದ್ದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು.

"ಸಾರ್, ನಿಮಗೆ ಗೊತ್ತು."

ಅವಳು ನಲ್ಲಿಯತ್ತ ಕೈ ತೋರಿಸಿದಳು.

"ನಿಮಗೆ ಮೊದಲನೇ ದಿನದಿಂದ ಗೊತ್ತು ಸಾರ್. ನಾಲ್ಕು ವಾರದಿಂದ ಕೇಳ್ತಾನೇ ಇದೀನಿ. ಗೊತ್ತಿದ್ದೂ ಯಾಕೆ ಹೇಳಲ್ಲ?"

ಆ ಹೊತ್ತಿನಲ್ಲಿ ಆರಾಧ್ಯರ ಅಂತರಂಗವು ಎರಡು ಸೇನೆಗಳ ನಡುವಿನ ಬಯಲಾಯಿತು. ಒಂದೆಡೆ ಮಾರ್ಚಿ, ಕಾಯಂ ಪತ್ರ, ಮೂರನೆಯ ಎಚ್ಚರಿಕೆ. ಇನ್ನೊಂದೆಡೆ ಇಪ್ಪತ್ತೊಂದು ವರ್ಷ ಯಾವ ಮಗುವನ್ನೂ ಬರಿಗೈಯಲ್ಲಿ ಕಳಿಸದ ಅಭ್ಯಾಸ. ದೇಚಮ್ಮನವರ ಬೆರಳು ಟ್ಯಾಬ್ಲೆಟ್ಟಿನ ಮೇಲೆ ಸಿದ್ಧವಾಗಿತ್ತು. ಆರಾಧ್ಯರು ಚೀಲದಿಂದ ಸ್ಪ್ಯಾನರನ್ನು ಹಿರಿದರು. ಬಗ್ಗಿ ಬೇಸಿನ್ನಿನ ಕೆಳಗಿದ್ದ ಎರಡು ವಾಲ್ವುಗಳಲ್ಲಿ ಒಂದನ್ನು ಬಿಗಿಯಾಗಿ ತಿರುಗಿಸಿ, ಸ್ಪ್ಯಾನರನ್ನು ಹುಡುಗಿಯ ಕೈಗಿಟ್ಟರು.

"ಬಿಚ್ಚಿ ನೋಡಮ್ಮ."

ಧಾತ್ರಿ ಎರಡೂ ಕೈಯಿಂದ ತಿರುಗಿಸಿದಳು. ಕುಶಾಲ್ ಪಕ್ಷಭೇದ ಮರೆತು ಓಡಿಬಂದು ನಲ್ಲಿಯನ್ನು ಅಲ್ಲಾಡದಂತೆ ಹಿಡಿದುಕೊಂಡ. ಒಂದು ಸುತ್ತು, ಎರಡು ಸುತ್ತು, ಮೂರು. ಮೇಲಿನ ಭಾಗ ಕಳಚಿ ಅವಳ ಕೈಗೆ ಬಂತು. ಅದರ ಬುಡದಲ್ಲಿ ಒಂದು ಕರಿ ರಬ್ಬರಿನ ಬಿಲ್ಲೆ, ಒಂದು ಕಡೆ ಸೀಳಿಹೋಗಿತ್ತು.

"ಇದೇ!" ಎಂದು ಅವಳು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ. ಏಕೆಂದರೆ ಆರಾಧ್ಯರು ಅವಸರದಲ್ಲಿ ಮುಚ್ಚಿದ್ದು ಪಕ್ಕದ ಕೋಣೆಗೆ ನೀರು ಹೋಗುವ ವಾಲ್ವನ್ನು. ತೆರೆದ ನಲ್ಲಿಯಿಂದ ಚಿಮ್ಮಿದ ಜಲಧಾರೆಯು ಛಾವಣಿಯನ್ನು ಸ್ಪರ್ಶಿಸಿ, ಬೋಳುತಲೆಯ ಮೇಲೆ ಅಭಿಷೇಕಗೈದು, ರೇಷ್ಮೆಸೀರೆಯನ್ನು ತೋಯಿಸಿ, ಗೋಡೆಯ ಅಂಟುಚೀಟಿಗಳ ಸಮಸ್ತಸೇನೆಯನ್ನೂ ಕ್ಷಣಾರ್ಧದಲ್ಲಿ ನೆಲಕ್ಕುರುಳಿಸಿತು.

"ಅಯ್ಯಯ್ಯೋ! ಸಾರ್, ಏನ್ ಮಾಡ್ಬೇಕೂಂತ ಹೇಳಿ ಸಾರ್!" ದೇಚಮ್ಮನವರು ಕುರ್ಚಿಯ ಮೇಲೆ ಹತ್ತಿ ಅರಚಿದರು.

ಆರಾಧ್ಯರಿಗೆ ಕುಚೋದ್ಯ ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ಎಂಟು ತಿಂಗಳ ತರಬೇತಿ ತಾನಾಗಿಯೇ ಬಾಯಿಂದ ಹೊರಬಂತು.

"ನಿಮಗೇನನ್ನಿಸುತ್ತೆ ಮೇಡಂ?"

ಬೋಳುತಲೆಯವರು ಕನ್ನಡಕದ ನೀರೊರೆಸಿಕೊಂಡು, "ಒಳ್ಳೇ ಪ್ರಶ್ನೆ" ಎಂದು ಗಂಭೀರವಾಗಿ ಬರೆದುಕೊಂಡರು.

ಗದ್ದಲ ಕೇಳಿ ಬಂದ ಮಾದಯ್ಯ ತಾರಸಿಗೆ ಓಡಿ ನೀರು ನಿಲ್ಲಿಸಿದ. ಇಳಿದು ಬಂದು, ಆರಾಧ್ಯರ ಕೈಯಿಂದ ಹೊಸ ವಾಷರ್ ಇಸಿದುಕೊಂಡು ಎರಡೇ ನಿಮಿಷದಲ್ಲಿ ಕೂರಿಸಿದ.

"ಅವತ್ತು ನನ್ನನ್ನ ಅಷ್ಟೊತ್ತು ಕೂರಿಸ್ಕೊಂಡು ಏನೇನೋ ಕೇಳಿದ್ರಿ" ಎಂದು ಗೊಣಗಿದ. "ನಲ್ಲಿ ರಿಪೇರಿ ಮಾಡಯ್ಯಾ ಅಂತ ಒಬ್ರೂ ಅನ್ನಲಿಲ್ವಲ್ಲ ಸಾರ್."

ಸಂಜೆ ಸ್ಟಾಫ್‌ರೂಮಿನಲ್ಲಿ ಆರಾಧ್ಯರು ಮೂರನೆಯ ಎಚ್ಚರಿಕೆಗಾಗಿ ಕಾದು ಕುಳಿತಿದ್ದರು. ದೇಚಮ್ಮ ಮೇಡಂ ಬಂದರು. ತಲೆಗೂದಲು ಇನ್ನೂ ಒದ್ದೆ. ಮೌಲ್ಯಮಾಪಕರಿಗೆ ತರಗತಿ ಬಹಳ ಹಿಡಿಸಿತಂತೆ. ಇಂಥ ಮೇಷ್ಟ್ರನ್ನು ಬಿಡಬೇಡಿ ಅಂದರಂತೆ. ಇಷ್ಟು ಹೇಳಿ ಅವರು ಕೊಂಚ ತಡೆದರು.

"ಒಂದೇ ತೊಂದ್ರೆ ಸಾರ್. ಯೂನಿಟ್ ಮುಗಿಯೋಕೆ ಇನ್ನೂ ಎರಡು ವಾರ ಇದೆ. ಆ ಹಳೇ ವಾಷರ್ ವಾಪಸ್ ಹಾಕಿಸೋಕಾಗುತ್ತಾ?"

ಆರಾಧ್ಯರು ಕುರ್ಚಿಯಿಂದೆದ್ದರು. ಎದೆಯಲ್ಲಿ ಭೇರಿ ಮೊಳಗಿತು. ಆ ಎರಡು ಎಚ್ಚರಿಕೆಗಳು ಬಂದ ಮೇಲೆ ಮೊಟ್ಟಮೊದಲ ಬಾರಿಗೆ, ಆ ಗಾಜಿನ ಕೋಟೆಯ ನಟ್ಟನಡುವೆ ನಿಂತು, ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟರು.

"ಆಗಲ್ಲ."

ಗುಡುಗಿಗಾಗಿ ಕಾದರು. ದೇಚಮ್ಮನವರು, "ಹೌದಾ? ಸರಿ ಬಿಡಿ" ಎಂದು ಟ್ಯಾಬ್ಲೆಟ್ಟಿನಲ್ಲಿ ಏನನ್ನೋ ಅಳಿಸುತ್ತ ಹೊರಟುಹೋದರು.

ಮಹಾವೀರರು ಇನ್ನೊಂದು ಕ್ಷಣ ಹಾಗೆಯೇ ಎದೆಯುಬ್ಬಿಸಿ ನಿಂತಿದ್ದರು. ಆಮೇಲೆ ಕುಳಿತು, ಶೂ ಬಿಚ್ಚಿ, ಕಾಲುಚೀಲ ಹಿಂಡಿ ಕುರ್ಚಿಯ ಬೆನ್ನಿಗೆ ಒಣಹಾಕಿದರು. ಮನೆಗೆ ಹೋಗುವ ಶಾಲಾಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು.