ಕಿಟಕಿ ಬಿಟ್ಟರೆ ನೆಟ್ ಇಲ್ಲ

ಹೆಂಡತಿ: ರೀ, ಕೈ ಇಳಿಸಬೇಡಿ. ಇಳಿಸಿದ್ರೆ ಹೋಗುತ್ತೆ.

ಗಂಡ: ಇದೇನು ಕೈಯೋ ಕಂಬಾನೋ? ನೋಯುತ್ತೆ ಕಣೇ.

ಹೆಂಡತಿ: ಅದಕ್ಕೇ ಹಾಟ್‌ಸ್ಪಾಟ್ ಹಾಕಿ ಫೋನನ್ನ ಕಿಟಕೀಲಿ ಇಟ್ಟುಬಿಡಿ ಅಂದೆ.

ಗಂಡ: ಎರಡನೇ ಮಹಡಿ. ಬಿದ್ರೆ ನೀನು ಹೊಸದು ತೆಗೆಸಿಕೊಡ್ತೀಯಾ? ಅಲ್ಲದೆ ಹಾಟ್‌ಸ್ಪಾಟ್ ಹಾಕಿದ್ರೆ ಫೋನ್ ಕಾಯುತ್ತೆ, ಬ್ಯಾಟರಿ ಊದಿಕೊಳ್ಳುತ್ತೆ. ವೈರಲ್ಲೇ ಕೊಡ್ತೀನಿ. ಬೇಕಾದ್ರೆ ತಗೋ.

ಆ ಮನೆಯಲ್ಲಿ ನೆಟ್ ಸಿಗುತ್ತಿದ್ದುದು ಗಂಡನ ಫೋನೊಂದಕ್ಕೇ, ಅದೂ ಮುಂದಿನ ಕೋಣೆಯ ಕಿಟಕಿಯ ಸರಳುಗಳ ಹತ್ತಿರ ಮಾತ್ರ. ವೈರಿನ ಉದ್ದ ಒಂದು ಮೊಳ. ಆದ್ದರಿಂದ ಮೇಜನ್ನು ಕಿಟಕಿಗೆ ಎಳೆದು ಹೆಂಡತಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಗಂಡ ಫೋನನ್ನು ಸರಳಿಗೆ ಒತ್ತಿ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದು ಲ್ಯಾಬಿನ ಮುಖ್ಯಸ್ಥೆಯ ಕೆಲಸಕ್ಕೆ ಅವಳನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಸಂದರ್ಶಿಸಲಿತ್ತು. ಅವನು ಕಾರು ಕಲಿಸುವವನು. ಆ ಕೆಲಸ ಅವಳಿಗೆ ಸಿಗುವುದು ಅವನಿಗೆ ಬೇಕಿರಲಿಲ್ಲ. ನೆಟ್ ಮಾತ್ರ ಅವನೇ ಕೊಡಬೇಕಿತ್ತು.

ಗಂಡ: ನಂದೇನೂ ಇಲ್ಲಮ್ಮ. ಕಾರು ಕಲಿಯೋರು ಎಲ್ಲಾ ಕಡೆ ಇರ್ತಾರೆ. ಅಮ್ಮ ಈ ಮನೆ ಬಿಟ್ಟು ಬರಲ್ಲ, ಅಷ್ಟೇ.

ಹೆಂಡತಿ: ಅತ್ತೇನ ಕೇಳಿದ್ರಾ?

ಗಂಡ: ಕೇಳಿದ್ರೆ ನೊಂದ್ಕೋತಾಳೆ.

ಹೆಂಡತಿ: ಕೇಳದೇನೇ ಬರಲ್ಲ ಅಂತ ಹೇಗೆ ಗೊತ್ತಾಯ್ತು?

ಗಂಡ: ನೊಂದ್ಕೋತಾಳಲ್ಲ, ಅದರಿಂದ.

ಫೋನ್ ರಿಂಗಾಯಿತು. ಗಂಡನ ಮುಖ ಅರಳಿತು.

ಹೆಂಡತಿ: ಎತ್ತಬೇಡಿ! ಎತ್ತಿದ್ರೆ ನೆಟ್ ಕಟ್ಟಾಗುತ್ತೆ.

ಗಂಡ: ಕಾರು ಕಲಿಯೋಕೆ ಬರ್ತಾಳಲ್ಲ, ಆ ಹುಡುಗಿ ಕಣೇ. ರಸ್ತೆ ಮಧ್ಯ ಗಾಡಿ ನಿಂತುಹೋಗಿ ಒದ್ದಾಡ್ತಿರಬಹುದು.

ಹೆಂಡತಿ: ಗಾಡಿ ಕೆಳಗೇ ನಿಂತಿದೆ. ಬಗ್ಗಿ ನೋಡಿ.

ಗಂಡ ಬಗ್ಗಿ ನೋಡಿದ. ಗಾಡಿ ಇತ್ತು. ಕರೆಯನ್ನು ಕಟ್ ಮಾಡಿದ.

ತೆರೆಯ ಮೇಲೆ ಆಸ್ಪತ್ರೆಯ ದೊಡ್ಡ ಡಾಕ್ಟರು ಕಾಣಿಸಿಕೊಂಡರು.

ಡಾಕ್ಟರು: ನಮಸ್ಕಾರ. ನೇರವಾಗಿ ವಿಷಯಕ್ಕೆ ಬರ್ತೀನಿ. ಇಬ್ಬರು ರೋಗಿಗಳ ರಕ್ತ ಅದಲುಬದಲಾಗಿದೆ ಅಂತ ಅನುಮಾನ ಬಂತು ಅಂತಿಟ್ಕೊಳ್ಳಿ. ಏನು ಮಾಡ್ತೀರಿ?

ಚಿತ್ರ ನಿಂತಿತು. ಡಾಕ್ಟರ ಬಾಯಿ ಅರ್ಧ ತೆರೆದೇ ಉಳಿಯಿತು.

ಹೆಂಡತಿ: ಅಯ್ಯೋ, ಈಗೇನ್ರೀ ಮಾಡೋದು?

ಗಂಡ: ಮುಚ್ಚಿ ಇನ್ನೊಂದ್ಸಲ ತೆಗಿ. ಸರಿಹೋಗುತ್ತೆ.

ಡಾಕ್ಟರು (ಬಾಯಿ ಅಲ್ಲಾಡದೆ): ಮುಚ್ಚಿ ತೆಗೆದ್ರೆ ಸರಿಹೋಗಲ್ಲ ಮೇಡಂ. ಅದು ರಕ್ತ.

ಹೆಂಡತಿ: ಕ್ಷಮಿಸಿ ಸರ್, ಅದು ನನ್ನ ಉತ್ತರ ಅಲ್ಲ. ಎರಡೂ ರಿಪೋರ್ಟ್ ತಡೆದು, ವಾರ್ಡಿಗೆ ತಿಳಿಸಿ, ಇಬ್ಬರಿಂದಲೂ ಹೊಸದಾಗಿ ರಕ್ತ ತೆಗೆಸ್ತೀನಿ.

ಡಾಕ್ಟರು: ಇದು ಸರಿ. ಹಾಗಾದ್ರೆ ಮೊದಲನೇ ಉತ್ತರ ಯಾರದು?

ಹೆಂಡತಿ: ನೆಟ್ ಕೊಡ್ತಿರೋರದು, ಸರ್.

ಗಂಡ ಮರ್ಯಾದೆಗೆ ಕೈ ಮುಗಿದ. ಕೈ ಮುಗಿಯಲು ಎರಡೂ ಕೈ ಬೇಕು. ನೆಟ್ ಹೋಯಿತು.

ಮತ್ತೆ ಬಂದಾಗ ಡಾಕ್ಟರು ನಗುತ್ತಿರಲಿಲ್ಲ.

ಡಾಕ್ಟರು: ಕೊನೇ ಪ್ರಶ್ನೆ. ಮನೆಯವರೆಲ್ಲ ಒಪ್ಪಿದ್ದಾರಾ? ಹೋದ ಸಲ ಆಯ್ಕೆ ಆದೋರು ಮನೇಲಿ ಒಪ್ಪಿಸ್ಕೊಂಡು ಬರ್ತೀನಿ ಅಂತ ಹೋದ್ರು. ಇನ್ನೂ ಒಪ್ಪಿಸ್ತಾನೇ ಇದ್ದಾರೆ. ಇದೊಂದು ಖಚಿತ ಆದ್ರೆ ಕೆಲಸ ನಿಮ್ಮದೇ.

ಹೆಂಡತಿ ಗಂಡನನ್ನು ನೋಡಿದಳು. ಗಂಡ ಕಿಟಕಿಯಾಚೆ ನೋಡಿದ. ಅಷ್ಟರಲ್ಲಿ ಡಾಕ್ಟರ ಮುಖ ಚೂರುಚೂರಾಯಿತು.

ಹೆಂಡತಿ: ಕೈ ಇಳಿಸಿದ್ರಾ?

ಗಂಡ: ದೇವರಾಣೆ ಇಲ್ಲ. ನೋಡು ಬೇಕಾದ್ರೆ.

ಹೆಂಡತಿ: ಲ್ಯಾಪ್‌ಟಾಪಿಂದ ಬೇರೆ ಯಾವುದಕ್ಕೋ ನೆಟ್ ಹೋಗ್ತಿದೆ. ಯಾರಿಗೆ ಕೊಟ್ಟಿದ್ದೀರಿ?

ಗಂಡ: ಅಮ್ಮನ ಟ್ಯಾಬಿಗೆ. ಲ್ಯಾಪ್‌ಟಾಪಲ್ಲೇ ಹಾಟ್‌ಸ್ಪಾಟ್ ಹಾಕಿಟ್ಟಿದ್ದೆ. ಸೀರಿಯಲ್ ನೋಡ್ಕೊಂಡು ಒಳಗಿರ್ಲಿ ಅಂತ. ಈ ವಿಷಯ ಅವಳ ಕಿವಿಗೆ ಬೀಳಬಾರದಲ್ಲ.

ಹೆಂಡತಿ: ನನಗೆ ವೈರು, ಅವರಿಗೆ ವೈರಿಲ್ದೇನೇ! ಅತ್ತೇ, ಸ್ವಲ್ಪ ಹೊತ್ತು ಸೀರಿಯಲ್ ನಿಲ್ಲಿಸ್ತೀರಾ?

ತಾಯಿ (ಒಳಗಿನಿಂದ): ಯಾವ ಸೀರಿಯಲ್ಲು?

ತಾಯಿ ಬಾಗಿಲಿಗೆ ಬಂದು ನಿಂತರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಟ್ಯಾಬು.

ತಾಯಿ: ಬಾಡಿಗೆ ಮನೆ ನೋಡ್ತಿದ್ದೆ ಕಣಮ್ಮ. ಆ ಊರಲ್ಲಿ ಮನೆ ಒಳಗೆಲ್ಲ ಸುತ್ತಾಡಿಸಿ ವಿಡಿಯೋ ಹಾಕ್ತಾರೆ. ಒಂದಕ್ಕೆ ಅಡುಗೆಮನೇಲಿ ಕಿಟಕಿನೇ ಇಲ್ಲ. ಇನ್ನೊಂದು ಪರವಾಗಿಲ್ಲ, ನೆಲಮಹಡಿ. ಆಸ್ಪತ್ರೆಗೆ ನೀನು ನಡ್ಕೊಂಡೇ ಹೋಗಬಹುದು.

ಗಂಡ: ನಿನಗೆ ಯಾರಮ್ಮ ಹೇಳಿದ್ದು?

ತಾಯಿ: ವಾರದಿಂದ ಇಬ್ಬರೂ ಪಿಸುಗುಟ್ತಾ ಇದ್ದೀರಲ್ಲ. ಜೋರಾಗಿ ಮಾತಾಡಿದ್ರೆ ನಾನು ಕಿವಿಗೇ ಹಾಕ್ಕೊಳ್ತಿರ್ಲಿಲ್ಲ.

ಗಂಡ: ಈ ಮನೆ ಬಿಟ್ಟು ಬರಲ್ಲ ಅಂತ ನೀನು…

ತಾಯಿ: ನಾನು ಯಾವಾಗಂದೆ?

ಗಂಡ: ಅನ್ನಲಿಲ್ಲ. ಅಂತೀಯ ಅಂತ…

ತಾಯಿ: ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆದುಹೋಗಿದೆ ನಂಗೆ. ಯಾವತ್ತು ಇಲ್ಲಿಂದ ಇಳಿಸ್ತಾನೋ ಅಂತ ಕಾಯ್ತಾ ಕೂತಿದ್ದೀನಿ.

ಟ್ಯಾಬು ಸುಮ್ಮನಾಗಿದ್ದರಿಂದ ನೆಟ್ ಚುರುಕಾಗಿತ್ತು. ಡಾಕ್ಟರು ಪೂರ್ತಿ ಮುಖದೊಡನೆ ಕಾಯುತ್ತಿದ್ದರು.

ಡಾಕ್ಟರು: ಹಿರಿಯರದು ಕೇಳಿಸ್ತು. ಇನ್ನೊಬ್ಬರದು ಬಾಕಿ ಇದೆ.

ತಾಯಿ: ನಾವಿಬ್ರೂ ಹೊರಟಾಯ್ತು. ನೀನು ಬರ್ತೀಯೇನೋ?

ಗಂಡ ಫೋನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದ.

ಗಂಡ: ಬರ್ದೆ ಏನ್ಮಾಡ್ಲಿ? ನಾನಿಲ್ದಿದ್ರೆ ಅಲ್ಲಿ ನಿಮಗೆ ನೆಟ್ ಹಿಡ್ಕೊಂಡು ಯಾರು ನಿಂತ್ಕೋತಾರೆ?

ತಾಯಿ ಕನ್ನಡಕ ಮೇಲೇರಿಸಿ ಟ್ಯಾಬಿನ ಮೇಲೆ ಬೆರಳಾಡಿಸಿದರು.

ತಾಯಿ: ಬಾಡಿಗೇಲೇ ವೈಫೈ ಸೇರಿದೆಯಂತೆ. ಆದ್ರೂ ಬಾ.