ನೀಲಿ ಕಾರಿನ ಥರ್ಡ್ ಪಾರ್ಟಿ

ಬೆಳಿಗ್ಗೆ ಏಜೆಂಟ್ ಅಂಜನ್ ಕುಮಾರ್ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆ ಪಾತ್ರೆ ಅಂಗಡಿಯ ವೃಷಭೇಂದ್ರಪ್ಪನ ದಿನವನ್ನೇ ಕೆಡಿಸಿತು.

"ಅಣ್ಣ, ಕಾರಿನ ಇನ್ಶೂರೆನ್ಸ್ ಇವತ್ತು ರಾತ್ರಿಗೆ ಮುಗೀತದೆ. ಈ ಸಲ ಫುಲ್ ಮಾಡ್ಲಾ, ಇಲ್ಲ ಥರ್ಡ್ ಪಾರ್ಟಿ ಸಾಕಾ?"

"ಎರಡಕ್ಕೂ ಏನಪ್ಪಾ ವ್ಯತ್ಯಾಸ?"

"ಥರ್ಡ್ ಪಾರ್ಟಿ ಅಂದ್ರೆ, ನಿಮ್ಮ ಕಾರು ಬೇರೆಯೋರ್ದಕ್ಕೆ ಗುದ್ದಿದ್ರೆ ಕಂಪನಿ ಅವ್ರಿಗೆ ಕೊಡ್ತದೆ. ನಿಮ್ಮ ಕಾರಿಗೆ ಏನೂ ಇಲ್ಲ. ಫುಲ್ ಆದ್ರೆ ನಿಮ್ದಕ್ಕೂ ಕೊಡ್ತದೆ, ಕಟ್ಟೋದು ಮಾತ್ರ ಜಾಸ್ತಿ. ಗಾಡಿಗೆ ವಯಸ್ಸಾಗಿದೆ, ಯೋಚ್ನೆ ಮಾಡಿ ಹೇಳಿ."

ವಯಸ್ಸಾಗಿದೆ ಎಂಬ ಮಾತು ವೃಷಭೇಂದ್ರಪ್ಪನಿಗೆ ಚುಚ್ಚಿತು. ಮಗಳು ಯಶಸ್ವಿನಿ ಮೊದಲ ದಿನ ಶಾಲೆಗೆ ಹೋದದ್ದು ಅದೇ ನೀಲಿ ಕಾರಿನಲ್ಲಿ, ಮದುವೆಯ ದಿನ ಛತ್ರಕ್ಕೆ ಹೋದದ್ದೂ ಅದರಲ್ಲೇ. ನಿಜ, ಈಗ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಗೇರೂ ನಿಲ್ಲುವುದಿಲ್ಲ. ಬೆಟ್ಟದ ಬುಡದಲ್ಲಿ, ಮನೆಯ ಮುಂದಿನ ಇಳಿಜಾರು ಬೀದಿಯಲ್ಲಿ ಕಾರನ್ನು ತಡೆದು ನಿಲ್ಲಿಸಿದ್ದು ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟ ಒಂದು ದಪ್ಪ ಕಲ್ಲು. ಸಂಸಾರದಲ್ಲಿ ಅಷ್ಟು ನಿಯತ್ತಾಗಿ ಕೆಲಸ ಮಾಡುತ್ತಿದ್ದುದು ಆ ಕಲ್ಲೊಂದೇ.

ಹೆಂಡತಿ ನಾಗರತ್ನಮ್ಮ ಹೋದ ತಿಂಗಳೇ ಹೇಳಿಬಿಟ್ಟಿದ್ದಳು. "ಇನ್ನೊಂದು ಸಲ ಇದ್ಕೆ ರಿಪೇರಿ ಅಂತ ಬಂದ್ರೆ ಮೆಕಾನಿಕ್ಕಿಗಲ್ಲ ರೀ, ಗುಜರಿಯವ್ನಿಗೆ ಫೋನ್ ಮಾಡ್ತೀನಿ." ಅವಳು ಹೇಳಿದರೆ ಮಾಡುವವಳೇ. ಹಾಗಾಗಿ ಕಾರಿಗೆ ಪೆಟ್ಟು ಬಿದ್ದರೆ ಕಾರೇ ಇಲ್ಲ ಎಂಬುದು ವೃಷಭೇಂದ್ರಪ್ಪನಿಗೆ ಗೊತ್ತಿತ್ತು.

ಫುಲ್ಲೇ ಮಾಡಿಸೋಣ ಎಂದು ಬೀದಿಗೆ ಬಂದ. ಇಳಿಜಾರಿನ ಕೆಳಗಿನ ಮನೆಯ ರುದ್ರಮುನಿ ಸ್ಕೂಟರ್ ಒರೆಸುತ್ತಿದ್ದ. ಅದು ಮೊದಲು ವೃಷಭೇಂದ್ರಪ್ಪನದೇ ಸ್ಕೂಟರು. ಚಿಕ್ಕಂದಿನ ಗೆಳೆಯನಲ್ಲವೇ ಎಂದು ಅಗ್ಗಕ್ಕೆ ಕೊಟ್ಟಿದ್ದ.

"ಫುಲ್ಲಾ?" ರುದ್ರಮುನಿ ಬಟ್ಟೆ ಕೆಳಗಿಟ್ಟ. "ಅದನ್ನ ಯಾರ್ಲಾ ಕದೀತಾರೆ? ಕದ್ದೋನೂ ಶಿರಾ ಗೇಟ್‌ಗಂಟ ತಳ್ಕೊಂಡೋಗಿ ಸುಸ್ತಾಗಿ, ತಂದು ಇಲ್ಲೇ ಬುಟ್ಟೋಗ್ತಾನೆ. ಥರ್ಡ್ ಪಾರ್ಟಿ ಸಾಕು ಬುಡು."

ಎದುರು ಮನೆಯ ಲಕ್ಷ್ಮಕ್ಕ ರಂಗೋಲಿ ಬಿಟ್ಟು ಎದ್ದಳು. "ಇವ್ರ ಮಾತು ಕೇಳ್ಬೇಡ ಕಣಣ್ಣ. ದೊಡ್ಡೇರಿಲಿ ನಮ್ಮಣ್ಣನ ಕಾರ್ ಮೇಲೆ ಹುಣಸೆ ಕೊಂಬೆ ಬಿತ್ತು. ಥರ್ಡ್ ಪಾರ್ಟಿ ಅಂತ ಕಂಪನಿಯೋರು ಬಿಡಿಗಾಸು ಕೊಡ್ಲಿಲ್ಲ. ಆ ಕಾರ್ನಾಗೆ ಈಗ ಕೋಳಿ ಮೊಟ್ಟೆ ಇಕ್ತಾವೆ."

"ಈ ಬೀದೀಲಿ ಹುಣಸೆಮರ ಎಲ್ಲೈತಮ್ಮ?" ಎಂದ ರುದ್ರಮುನಿ.

"ಬೆಟ್ಟ ಐತಲ್ಲ. ಬಂಡೆ ಉರುಳಿದ್ರೆ?"

ಎಲ್ಲರೂ ತಲೆಯೆತ್ತಿ ಬೆಟ್ಟವನ್ನು ನೋಡಿದರು. ಸಾವಿರಾರು ವರ್ಷದಿಂದ ಅಲುಗದ ಬಂಡೆ ವೃಷಭೇಂದ್ರಪ್ಪನ ಕಣ್ಣಿಗೆ ಅಂದು ಸ್ವಲ್ಪ ವಾಲಿದಂತೆ ಕಂಡಿತು.

ಮಧ್ಯಾಹ್ನದವರೆಗೆ ಅಂಗಡಿಯಲ್ಲೂ ಇದೇ ಪಂಚಾಯ್ತಿ. ಕುಕ್ಕರ್ ಕೊಳ್ಳಲು ಬಂದವರು ಫುಲ್ ಎಂದರು, ಬರೀ ಗ್ಯಾಸ್ಕೆಟ್ ಕೊಳ್ಳಲು ಬಂದವರು ಥರ್ಡ್ ಪಾರ್ಟಿ ಎಂದರು. ಯಾರು ಏನು ಹೇಳಿದರೂ ಅವನಿಗೆ ಹೌದೆನ್ನಿಸುತ್ತಿತ್ತು. ಅಂಥ ಮನುಷ್ಯ ಅವನು, ಪಾಪ.

ಸಂಜೆ ಅಂಜನ್ ಕುಮಾರ್ ಕಾರಿನ ಫೋಟೋ ತೆಗೆಯಲು ಬಂದ. ಸುತ್ತ ಒಂದು ಸಲ ತಿರುಗಿ, ರೋಗಿಯ ಮನೆಯವರ ಹತ್ತಿರ ಮಾತಾಡುವ ಡಾಕ್ಟರಂತೆ ದನಿ ತಗ್ಗಿಸಿದ.

"ಅಣ್ಣ, ಕಂಪನಿ ಲೆಕ್ಕದಲ್ಲಿ ಇದರ ಬೆಲೆ ಬಾಳ ಕಮ್ಮಿ. ಏನಾದ್ರೂ ಆದ್ರೆ ಹಳೇ ಪಾರ್ಟು ಅಂತ ಅದ್ರಲ್ಲೂ ಮುರ್ಕೊಂಡು ಕೊಡ್ತಾರೆ. ಆದ್ರೂ ನಿಮ್ಮಿಷ್ಟ."

"ನಾನೇನ್ ಹೇಳ್ದೆ?" ಎಂದ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ರುದ್ರಮುನಿ. ವೃಷಭೇಂದ್ರಪ್ಪ ನಾಗರತ್ನಮ್ಮನ ಮುಖ ನೋಡಿ, ನಾಲ್ಕು ಜನ ಹೇಳಿದ ಮೇಲೆ ಇನ್ನೇನೆಂದು, ಥರ್ಡ್ ಪಾರ್ಟಿಗೆ ಒಪ್ಪಿಕೊಂಡ. ಅಂಜನ್ ಕುಮಾರ್ ಮೊಬೈಲಿನಲ್ಲೇ ಎಲ್ಲ ಮುಗಿಸಿ, ಕಾಫಿಗೆಂದು ಜಗುಲಿಯಲ್ಲಿ ಕೂತ.

ಆದರೆ ವೃಷಭೇಂದ್ರಪ್ಪನಿಗೆ ಕಾರಿನ ಕಡೆ ನೋಡಲು ನಾಚಿಕೆಯಾಯಿತು. ಇಷ್ಟು ವರ್ಷ ದುಡಿದ ಜೀವಕ್ಕೆ ನಿನಗೆ ಬೆಲೆಯಿಲ್ಲ ಎಂದಂತಾಯಿತಲ್ಲ ಎಂದುಕೊಂಡ. "ಒಂದು ಪೂಜೆನಾದ್ರೂ ಮಾಡೇ," ಎಂದ.

ನಾಗರತ್ನಮ್ಮ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತ ಬಂದಳು. ಒಂದು ಚಕ್ರದ ಮುಂದೆ ಮಾತ್ರ ಜಾಗವಿರಲಿಲ್ಲ.

"ದೇವರ ನಿಂಬೆಹಣ್ಣು ಇಡೋ ಜಾಗ್ದಾಗೆ ಇದ್ಯಾಕ್ಲಾ?" ಎಂದು ರುದ್ರಮುನಿ ಮುಂದೆ ಬಂದು ಭಕ್ತಿಯಿಂದ ಕಲ್ಲನ್ನು ಎಳೆದು ಪಕ್ಕಕ್ಕಿಟ್ಟ. ನಾಗರತ್ನಮ್ಮ ಅಲ್ಲಿ ನಿಂಬೆಹಣ್ಣಿಟ್ಟು ಹಿಂದೆ ಸರಿದಳು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು.

ನಾಲ್ಕು ನಿಂಬೆಹಣ್ಣೂ ಒಟ್ಟಿಗೆ ಪಚಕ್ಕೆಂದವು. ಕಣ್ಣು ಬಿಟ್ಟಾಗ ಕಾರು ಮುಡಿದ ಹೂ ಅಲ್ಲಾಡಿಸುತ್ತ, ಡ್ರೈವರಿಲ್ಲದೆ, ಬೀದಿ ಇಳಿಯುತ್ತಿತ್ತು. ಲಕ್ಷ್ಮಕ್ಕ ಹಾರಿ ಕಟ್ಟೆ ಹತ್ತಿದಳು. ವೃಷಭೇಂದ್ರಪ್ಪ ಡಿಕ್ಕಿ ಹಿಡಿದುಕೊಂಡು ಹಿಂದೆಯೇ ಜಾರಿದ. ಕಾರು ರುದ್ರಮುನಿಯ ಸ್ಕೂಟರನ್ನು ಕಾಂಪೌಂಡಿಗೆ ಒತ್ತಿ ಚಪ್ಪಟೆ ಮಾಡಿ ನಿಂತಿತು. ಕಾರಿನ ಮೂತಿ ಒಳಗೆ ಹೋಗಿ ಹೊಗೆ ಬಂತು. ವೃಷಭೇಂದ್ರಪ್ಪ ಬಾನೆಟ್ ಸವರುತ್ತ ಅಲ್ಲೇ ಅತ್ತುಬಿಟ್ಟ.

ರುದ್ರಮುನಿಯ ಮುಖದಲ್ಲಿ ಮಾತ್ರ ಅಂಥ ದುಃಖ ಕಾಣಲಿಲ್ಲ. "ಅಳ್ಬೇಡ ಕಣ್ಲಾ. ಥರ್ಡ್ ಪಾರ್ಟಿ ಮಾಡ್ಸಿದ್ದು ಎಷ್ಟ್ ಒಳ್ಳೇದಾಯ್ತು ನೋಡು. ನನ್ನ ಸ್ಕೂಟರ್‌ಗಾದ್ರೂ ಬರ್ತದಲ್ಲ. ನಿಂಗೆ ಗೆಳೆಯನ ಋಣ ಇಲ್ದಂಗಾಯ್ತು."

ಈ ಮಾತಿಗೆ ವೃಷಭೇಂದ್ರಪ್ಪನಿಗೆ ತುಸು ಸಮಾಧಾನವಾಯಿತು. ಅಂಜನ್ ಕುಮಾರ್ ಲೋಟ ಕೆಳಗಿಟ್ಟು ಬಂದ. "ಹೊಸದು ನಾಳೆಯಿಂದ. ಆದ್ರೂ ಹಳೇದೂ ಥರ್ಡ್ ಪಾರ್ಟೀನೇ, ಅದು ರಾತ್ರಿಗಂಟ ನಡೀತದೆ, ತೊಂದ್ರೆ ಇಲ್ಲ. ಸ್ಕೂಟರ್ ಯಾರ ಹೆಸರಲ್ಲಿ ಅದೆ?"

ರುದ್ರಮುನಿ ತಲೆ ಕೆರೆದುಕೊಂಡ. "ನಮ್ಮ ನಮ್ಮಲ್ಲಿ ಹೆಸರು ಬದ್ಲಾಯ್ಸೋದ್ಯಾಕೆ ಅಂತ ಹಂಗೇ ಬುಟ್ಟಿದ್ದೋ. ಇವನ ಹೆಸರಲ್ಲೇ ಐತೆ."

ಅಂಜನ್ ಕುಮಾರ್ ಇಬ್ಬರನ್ನೂ ನೋಡಿದ. "ಅಣ್ಣಾ, ನಿಮ್ಮ ಕಾರು ನಿಮ್ಮ ಸ್ಕೂಟರ್‌ಗೇ ಗುದ್ದಿರೋದು. ಇದ್ರಲ್ಲಿ ಮೂರನೆಯೋರು ಯಾರು?"

ರುದ್ರಮುನಿ ಮೊದಲು ಚೇತರಿಸಿಕೊಂಡ. ಮುರಿದ ಸ್ಕೂಟರನ್ನು ಎಳೆದು ಗೆಳೆಯನ ಮುಂದೆ ಮಲಗಿಸಿದ. "ಹಂಗಾದ್ರೆ ಗಾಡಿ ನಿಂದೇ ಅಂತಾಯ್ತು. ನೀನೇ ರಿಪೇರಿ ಮಾಡ್ಸ್ಕೊಡು."

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ವೃಷಭೇಂದ್ರಪ್ಪ ಮೇಲಿಂದ ಕಲ್ಲನ್ನು ಹೊತ್ತು ತಂದು ಕಾರಿನ ಚಕ್ರಕ್ಕೆ ಅಡ್ಡ ಕೊಟ್ಟ. ಬೆನ್ನು ನೆಟ್ಟಗೆ ಮಾಡುವಾಗ ನಾಗರತ್ನಮ್ಮ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು.

"ಗುಜರಿಯೋರಾ? ದೊಡ್ಡ ಗಾಡೀನೇ ತಗೊಂಬನ್ನಿ. ಒಂದಲ್ಲ, ಎರಡವೆ. ಹೂನಪ್ಪ, ಎರಡೂ ನಮ್ಮನೆಯೋರ ಹೆಸರಲ್ಲೇ."